ಹೃದಯದ ವಿಶ್ರಾಂತಿ



ತಾಯಿಯ ಗರ್ಭದಲ್ಲಿಯೇ ಮಿಡಿಯತೊಡಗಿ, ನಾವು ಎಚ್ಚತ್ತಿರಲಿ ನಿದ್ರಿಸುತ್ತಿರಲಿ, ಕಡೆಯುಸಿರಿನವರೆಗೂ ದುಡಿಯುವ ಹೃದಯವನ್ನು ವಿಶ್ರಾಂತಿಯನ್ನೇ ಅರಿಯದ ಅಂಗವೆಂದು ಕೊಂಡಾಡುವುದು ನಮ್ಮಲ್ಲಿ ರೂಢಿ. ಮುಷ್ಟಿಗಾತ್ರದ ಈ ಮಾಂಸಪಿಂಡವು ನಿಮಿಷಕ್ಕೆ ಸುಮಾರು 72 ಸಲ ಮಿಡಿದು, ಮಿಡಿತವೊಂದಕ್ಕೆ ಸುಮಾರು 70 ಮಿಲಿಲೀಟರ್ ರಕ್ತವನ್ನು ಮಹಾಧಮನಿಗೆ ನೂಕಿ, ದಿನವೊಂದಕ್ಕೆ 7,000 ಲೀಟರಿನಷ್ಟನ್ನು ದೇಹದಲ್ಲಿ ಸಂಚರಿಸುವಂತೆ ಮಾಡುತ್ತದೆ. ಇಷ್ಟೊಂದು ರಕ್ತ ಕ್ಷಣಕ್ಷಣಕ್ಕೂ ಹೊಸದಾಗಿ ಹುಟ್ಟುವುದು ಅಸಾಧ್ಯವಾದುದರಿಂದ ಅದೇ ರಕ್ತವು ಸುತ್ತಿಬಂದು ಹೃದಯವನ್ನು ಸೇರುತ್ತಿರಬೇಕೆಂದು ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆ 1628ರಷ್ಟು ಹಿಂದೆಯೇ ಸಾಧಿಸಿ ತೋರಿಸಿದನು.

ಆದರೂ ಹೃದಯಕ್ಕೆ ವಿಶ್ರಾಂತಿಯಿಲ್ಲವೆಂಬ ಮಾತು ನಿಜವಲ್ಲ. ಎದೆಗೆ ಕಿವಿಯಿಟ್ಟು ಆಲಿಸಿದರೆ ಎರಡು ಸದ್ದುಗಳೂ ಬಳಿಕ ಒಂದು ಮೌನವೂ ತಿಳಿದುಬರುತ್ತವೆ. ಹೃದಯದ ಕೆಳಗಣ ಕೋಣೆಗಳಾದ ಹೃತ್ಕುಕ್ಷಿಗಳು ಬಿಗಿದುಕೊಳ್ಳತೊಡಗಿದಾಗ, ರಕ್ತವು ಮೇಲಣ ಕೋಣೆಗಳಾದ ಹೃತ್ಕರ್ಣಗಳಿಗೆ ಹಿಮ್ಮರಳದಂತೆ ನಡುವಣ ಕವಾಟಗಳು ಮುಚ್ಚುವುದು ಮೊದಲನೆಯ ಸದ್ದು. ಹೊರಟ ರಕ್ತವು ಹಿಂದಿರುಗದಂತೆ ಧಮನಿಗಳ ಬಾಯಲ್ಲಿರುವ ಕವಾಟಗಳು ಮುಚ್ಚುವುದು ಎರಡನೆಯದು. ಅನಂತರದ ಮೌನದಲ್ಲಿ ಹೃತ್ಕುಕ್ಷಿಗಳು ಸಡಿಲಗೊಂಡು ವಿಶ್ರಮಿಸುತ್ತವೆ. ಮಿಡಿತವೊಂದರ 0.8 ಸೆಕೆಂಡಿನಲ್ಲಿ ದುಡಿತಕ್ಕೆ ಸಲ್ಲುವುದು ಸುಮಾರು 0.3 ಸೆಕೆಂಡು, ವಿಶ್ರಾಂತಿಗೆ 0.5, ಹೀಗೆ ಲೆಕ್ಕವಿಟ್ಟರೆ ದಿನದಲ್ಲಿ ಸುಮಾರು 15 ಗಂಟೆಗಳು ಅವಕ್ಕೆ ಬಿಡುವೇ.

ಈ ಬಿಡುವು ವ್ಯರ್ಥಕಾಲವಲ್ಲ. ಬರಿದಾದ ಕೋಣೆಗಳು ಮತ್ತೆ ತುಂಬಿಕೊಳ್ಳುವುದು ಆಗಲೇ. ಬಿಗಿತದಲ್ಲಿ ಅದುಮಿಹೋಗಿದ್ದ ರಕ್ತನಾಳಗಳು ತೆರೆದುಕೊಂಡು, ಎಡ ಹೃತ್ಕುಕ್ಷಿಯ ಸ್ನಾಯು ತನ್ನ ಪೋಷಣೆಗೆ ಬೇಕಾದ ರಕ್ತದ ಬಹುಪಾಲನ್ನು ಪಡೆಯುವುದೂ ಆಗಲೇ. ನಾಡಿಯ ವೇಗ ಹೆಚ್ಚಿದಂತೆಲ್ಲ ದುಡಿತದ ಕಾಲಕ್ಕಿಂತ ವಿಶ್ರಾಂತಿಯ ಕಾಲವೇ ಹೆಚ್ಚಾಗಿ ಮೊಟಕಾಗುವುದರಿಂದ, ವೇಗವು ಮಿತಿಮೀರಿದಾಗ ಕೋಣೆಗಳು ಸಾಕಷ್ಟು ತುಂಬದೆ, ಹೊರಹೊಮ್ಮುವ ರಕ್ತವೇ ಕಡಮೆಯಾಗುತ್ತದೆ.

ಹೃದಯವನ್ನು ಕೊಂಡಾಡುವಂತೆಯೇ, ಮನೆಮಂದಿಗೆಲ್ಲ ಬಡಿಸಿ ಉಳಿದುದನ್ನು ಉಣ್ಣುವ ತಾಯಿ, ರೋಗಿಯ ಮಗ್ಗುಲಲ್ಲಿ ಇರುಳನ್ನು ಕಳೆಯುವ ಮಗಳು, ಇಂಥವರ ದಣಿವರಿಯದ ಸೇವೆಯನ್ನು ನಾವು ಹೊಗಳುತ್ತೇವೆ. ಆ ಹೊಗಳಿಕೆಯ ಮರೆಯಲ್ಲಿ ಅವರ ಬಿಡುವನ್ನು ಕಸಿದುಕೊಂಡಿರುತ್ತೇವೆ. ಕೊಡುವವರಿಗೂ ತುಂಬಿಕೊಳ್ಳುವ ಹೊತ್ತು ಬೇಕು. ತಾವಾಗಿ ಅದನ್ನು ಕೇಳಲಾರದವರಿಗೆ ಅದನ್ನು ಒದಗಿಸತಕ್ಕ ಹೊಣೆ ಅವರ ದುಡಿಮೆಯಿಂದ ಬಾಳುತ್ತಿರುವ ನಮ್ಮದು. ಇಂದು ಅಂಥ ಒಬ್ಬರ ಕೈಗೆಲಸವನ್ನು ಗಳಿಗೆಯ ಮಟ್ಟಿಗಾದರೂ ನಾವು ವಹಿಸಿಕೊಳ್ಳೋಣ.