ಅಂದುಕೊಂಡಂತೆ ಆಗದ ಪ್ರಯೋಗಗಳು

ಇಂದು ಪದವಿ ಪಡೆಯುತ್ತಿರುವ ವೈದ್ಯರೇ, ಪ್ರಯೋಗಾಲಯ ತಂತ್ರಜ್ಞರೇ, ಮಕ್ಕಳ ಹೆಸರು ಕೂಗುವುದನ್ನೇ ಕಾಯುತ್ತಿರುವ ತಂದೆತಾಯಂದಿರೇ,

ಹುಚ್ಚುನಾಯಿ ಕಚ್ಚಿದರೆ ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಹಾಕಿಸಿಕೊಳ್ಳಬೇಕಿದ್ದ ಕಾಲ ಇಲ್ಲಿರುವ ಹಿರಿಯರಿಗೆ ಚೆನ್ನಾಗಿ ನೆನಪಿರುತ್ತದೆ. 1911ರಲ್ಲಿ ಕಸೌಲಿಯಲ್ಲಿ ಡೇವಿಡ್ ಸೆಂಪಲ್ ರೂಪಿಸಿದ ಲಸಿಕೆ ಅದು. ರೇಬಿಸ್ ಸೋಂಕು ತಗುಲಿಸಿದ ಪ್ರಾಣಿಯ, ನಮ್ಮಲ್ಲಿ ಹೆಚ್ಚಾಗಿ ಕುರಿಯ, ಮಿದುಳನ್ನು ಅರೆದು ಕಾರ್ಬಾಲಿಕ್ ಆಮ್ಲ ಸೇರಿಸಿ ಅದನ್ನು ತಯಾರಿಸುತ್ತಿದ್ದರು. ಬಹಳ ಜನರ ಜೀವ ಉಳಿಸಿತು. ಆದರೆ ಕೆಲವರಿಗೆ ಲಸಿಕೆ ಬಿದ್ದ ಕೆಲವೇ ವಾರಗಳಲ್ಲಿ ಕಾಲು ಸ್ವಾಧೀನ ತಪ್ಪುತ್ತಿತ್ತು, ಮೂತ್ರ ಕಟ್ಟುತ್ತಿತ್ತು. ಅದು ರೇಬಿಸ್ ಅಲ್ಲ. ಹಾಗಾದರೆ ಏನು?

ಮಿದುಳಿನ ಅಂಶವಿದ್ದ ಇಂಥ ಲಸಿಕೆಗಳು ಬಳಕೆಯಲ್ಲಿದ್ದ ಕಡೆಯೆಲ್ಲ ಈ ಪ್ರಶ್ನೆ ಕಾಡುತ್ತಿತ್ತು. 1930ರ ದಶಕದಲ್ಲಿ ನ್ಯೂಯಾರ್ಕ್‌ನ ರಾಕ್‌ಫೆಲರ್ ಸಂಸ್ಥೆಯ ಥಾಮಸ್ ರಿವರ್ಸ್ ಕೋತಿಗಳಿಗೆ ಆರೋಗ್ಯವಂತ ಮೊಲದ ಮಿದುಳಿನ ಸಾರವನ್ನು ಮತ್ತೆ ಮತ್ತೆ ಚುಚ್ಚಿ ನೋಡಿದರು. ವೈರಾಣುವಿನ ಸುಳಿವೂ ಇರಲಿಲ್ಲ. ಆದರೂ ಕೆಲವು ಕೋತಿಗಳ ಕೈಕಾಲು ಬಿದ್ದುಹೋದವು. ನರತಂತುಗಳ ಸುತ್ತಲಿನ ಮಯಲಿನ್ ಹೊದಿಕೆ ಅಲ್ಲಲ್ಲಿ ಕಳಚಿತ್ತು. ದೇಹದ ರಕ್ಷಣಾ ವ್ಯವಸ್ಥೆಯೇ ತನ್ನ ನರಗಳ ಮೇಲೆ ಬೀಳಬಲ್ಲದು ಎಂಬುದು ಹೀಗೆ ಕಣ್ಣಿಗೆ ಬಿತ್ತು. 1868ರಲ್ಲಿ ಪ್ಯಾರಿಸ್‌ನ ಸಾಲ್ಪೆಟ್ರಿಯೇರ್ ಆಸ್ಪತ್ರೆಯಲ್ಲಿ ಜಾನ್ ಮಾರ್ಟಿನ್ ಶಾರ್ಕೋ ವಿವರಿಸಿದ್ದ ಮಲ್ಟಿಪಲ್ ಸ್ಕ್ಲೆರೋಸಿಸ್‌ಗೆ, ಅಂದರೆ ಎಂ.ಎಸ್.ಗೆ, ಪ್ರಯೋಗಾಲಯದಲ್ಲಿ ಒಂದು ಮಾದರಿ ಸಿಕ್ಕಿತು.

ಈ ಕಾಯಿಲೆ ಹೆಚ್ಚಾಗಿ ಹಿಡಿಯುವುದು ನಿಮ್ಮ ವಯಸ್ಸಿನವರನ್ನೇ. ಇಪ್ಪತ್ತರಿಂದ ನಲವತ್ತರ ನಡುವೆ, ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಒಂದು ಬೆಳಗ್ಗೆ ಒಂದು ಕಣ್ಣು ಮಂಜಾಗುತ್ತದೆ. ಕೆಲವು ವಾರಗಳಲ್ಲಿ ಸರಿಹೋಗುತ್ತದೆ, ಮನೆಯವರು ಮರೆಯುತ್ತಾರೆ. ವರ್ಷ ಕಳೆದ ಮೇಲೆ ಕಾಲು ಜೋಮು ಹಿಡಿಯುತ್ತದೆ. 2020ರ ಅಂದಾಜಿನಂತೆ ಜಗತ್ತಿನಲ್ಲಿ 28 ಲಕ್ಷ ಜನ ಇದರೊಂದಿಗೆ ಬದುಕುತ್ತಿದ್ದರು.

ಇಸ್ರೇಲಿನ ವೈಝ್‌ಮನ್ ಸಂಸ್ಥೆಯಲ್ಲಿ ಮೈಕೆಲ್ ಸೆಲಾ, ರೂತ್ ಅರ್ನಾನ್ ಮತ್ತು ಆಗ ಪಿಎಚ್.ಡಿ. ವಿದ್ಯಾರ್ಥಿನಿಯಾಗಿದ್ದ ದ್ವೋರಾ ಟೈಟೆಲ್‌ಬಾಮ್ ಹೊರಟದ್ದು ಔಷಧ ಹುಡುಕಲು ಅಲ್ಲ, ಪ್ರಾಣಿಗಳಲ್ಲಿ ಆ ಮಾದರಿ ರೋಗವನ್ನು ಬರಿಸಲು. ಮಯಲಿನ್‌ನ ಒಂದು ಪ್ರೋಟೀನನ್ನು ಹೋಲುವ ಪಾಲಿಮರನ್ನು ನಾಲ್ಕೇ ಅಮೈನೋ ಆಮ್ಲಗಳಿಂದ ಕಟ್ಟಿ ಗಿನಿಪಿಗ್‌ಗಳಿಗೆ ಚುಚ್ಚಿದರು. ಈ ಕೆಲಸದಲ್ಲಿ ಪ್ರಾಣಿಗಳನ್ನು ದಿನಾ ನೋಡಿ ಬರೆದಿಡಬೇಕು: ತೂಕ ಇಳಿಯಿತೇ, ಹಿಂಗಾಲು ಎಳೆಯುತ್ತಿದೆಯೇ ಎಂದು. ಕಾದರು. ಏನೂ ಆಗಲಿಲ್ಲ. ಪಾಲಿಮರ್ ಕೆಲಸಕ್ಕೆ ಬಾರದು ಎಂದು ಅಲ್ಲಿಗೇ ಕೈತೊಳೆದುಕೊಳ್ಳಬಹುದಿತ್ತು. ಅವರು ಪ್ರಶ್ನೆಯನ್ನೇ ತಿರುಗಿಸಿದರು: ರೋಗ ತಾರದ ಈ ವಸ್ತು ರೋಗವನ್ನು ತಡೆಯಬಹುದೇ? ತಡೆಯಿತು. 1971ರಲ್ಲಿ ಆ ಫಲಿತಾಂಶ ಪ್ರಕಟವಾಯಿತು. ಗ್ಲಾಟಿರಾಮರ್ ಎಂಬ ಹೆಸರಿನಲ್ಲಿ ಆ ಪಾಲಿಮರ್ ಅಮೆರಿಕದಲ್ಲಿ ಔಷಧವಾಗಿ ಮಾನ್ಯತೆ ಪಡೆದದ್ದು 1996ರಲ್ಲಿ. ಇಪ್ಪತ್ತೈದು ವರ್ಷ! ಆ ಮೂವರ ತಾಳ್ಮೆ ದೊಡ್ಡದು. ಪ್ರಯೋಗಕ್ಕೆ ಒಪ್ಪಿಕೊಂಡ ರೋಗಿಗಳದ್ದು ಅದಕ್ಕಿಂತ ಸಣ್ಣದೇನಲ್ಲ.

ಸ್ಯಾನ್ ಫ್ರಾನ್ಸಿಸ್ಕೊದ ಸ್ಟೀಫನ್ ಹೌಸರ್ ಅವರ ಕಥೆ ಇನ್ನೂ ವಿಚಿತ್ರ. ಎಂ.ಎಸ್.ಗೆ ರಕ್ಷಣಾ ವ್ಯವಸ್ಥೆಯ ಟಿ ಕೋಶಗಳೇ ಕಾರಣವೆಂದು ಎಲ್ಲರೂ ನಂಬಿದ್ದಾಗ ಅವರು ಬಿ ಕೋಶಗಳತ್ತ ಬೆರಳು ಮಾಡಿದರು. ಅವು ತಯಾರಿಸುವ ಪ್ರತಿಕಾಯಗಳೇ ಮಯಲಿನ್ ಕೆಡಿಸುತ್ತವೆ ಎಂಬುದು ಅವರ ವಾದ. ಸರ್ಕಾರಿ ಅನುದಾನದ ಅರ್ಜಿ ತಿರಸ್ಕೃತವಾಯಿತು. ಕೊನೆಗೆ, ಬಿ ಕೋಶಗಳನ್ನು ನಾಶಮಾಡುವ, ಲಿಂಫೋಮಾ ಕ್ಯಾನ್ಸರ್‌ಗೆ ಬಳಸುತ್ತಿದ್ದ ರಿಟುಕ್ಸಿಮ್ಯಾಬ್ ಅನ್ನು 104 ರೋಗಿಗಳಲ್ಲಿ ಪರೀಕ್ಷಿಸಲಾಯಿತು. 2008ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಎಂ.ಆರ್.ಐ.ಯಲ್ಲಿ ಕಂಡ ಉರಿಯೂತದ ಕಲೆಗಳು ಹುಸಿಮದ್ದು ಪಡೆದವರಲ್ಲಿ ಸರಾಸರಿ 5.5, ಔಷಧ ಪಡೆದವರಲ್ಲಿ 0.5. ಆದರೆ ಪ್ರತಿಕಾಯಗಳನ್ನು ಸುರಿಸುವ ಪ್ಲಾಸ್ಮಾ ಕೋಶಗಳನ್ನು ಈ ಔಷಧ ಮುಟ್ಟುವುದೇ ಇಲ್ಲ! ಔಷಧ ಗೆದ್ದಿತು, ಅದರತ್ತ ದಾರಿ ತೋರಿದ ವಾದದ ಅರ್ಧ ಭಾಗ ಬಿದ್ದುಹೋಯಿತು. ಬಿ ಕೋಶಗಳು ಬೇರೆ ರೀತಿಯಲ್ಲೂ ಕೆಡುಕು ಮಾಡುತ್ತವೆ ಎಂಬುದು ಆಮೇಲೆ ತಿಳಿಯಿತು. ಇದೇ ಜಾಡಿನಲ್ಲಿ ಬಂದ ಆಕ್ರೆಲಿಜುಮ್ಯಾಬ್‌ಗೆ 2017ರಲ್ಲಿ ಮಾನ್ಯತೆ ಸಿಕ್ಕಿತು. ಎಂ.ಎಸ್. ರೋಗಿಗಳಿಗೆ ರಿಟುಕ್ಸಿಮ್ಯಾಬ್ ಅಗತ್ಯ ಔಷಧವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಪಟ್ಟಿಗೆ ಸೇರಿಸಿತು. 2007ರಲ್ಲೇ ಹೈದರಾಬಾದಿನ ಕಂಪನಿಯೊಂದು ಅದರ ಅಗ್ಗದ ರೂಪ ತಂದಿದ್ದರಿಂದ ನಮ್ಮ ರೋಗಿಗಳಿಗೂ ಅದು ಎಟುಕಿತು.

ಪ್ರಯೋಗಾಲಯ ತಂತ್ರಜ್ಞರು ಗಮನಿಸಬೇಕಾದ ಕೆಲಸ ಹಾರ್ವರ್ಡ್‌ನ ಆಲ್ಬರ್ಟೊ ಅಶೆರಿಯೊ ಅವರದು. ಅಮೆರಿಕದ ಸೈನಿಕರ ಎಚ್.ಐ.ವಿ. ತಪಾಸಣೆಗೆಂದು ತೆಗೆದ ರಕ್ತದಲ್ಲಿ ಮಿಕ್ಕ ಸೀರಮ್ ಅನ್ನು ಯಾರೋ ಚೀಟಿ ಅಂಟಿಸಿ, ಶೀತಲ ಪೆಟ್ಟಿಗೆಯಲ್ಲಿಟ್ಟು, ವರ್ಷಗಟ್ಟಲೆ ಕಾಪಾಡಿದ್ದರು. ಹೀಗೆ ಒಂದು ಕೋಟಿಗೂ ಹೆಚ್ಚು ಸೈನಿಕರಲ್ಲಿ ಎಂ.ಎಸ್. ಬಂದವರನ್ನು ಗುರುತಿಸಿ ಅವರ ಹಳೆಯ ಸೀರಮ್ ನೋಡಲು ಸಾಧ್ಯವಾಯಿತು. 801 ರೋಗಿಗಳಲ್ಲಿ ಒಬ್ಬರನ್ನು ಬಿಟ್ಟು ಎಲ್ಲರಿಗೂ ಕಾಯಿಲೆಗೆ ಮೊದಲೇ ಎಪ್‌ಸ್ಟೈನ್ ಬಾರ್ ವೈರಾಣು ತಗುಲಿತ್ತು. ಸೋಂಕಿನ ನಂತರ ಎಂ.ಎಸ್. ಅಪಾಯ 32 ಪಟ್ಟು ಏರುತ್ತದೆಂದು ಅವರ ತಂಡ 2022ರಲ್ಲಿ ಪ್ರಕಟಿಸಿತು.

ಇನ್ನು ನಮ್ಮ ಮಂಗಳೂರು. ಅಲ್ಲಿನ ಕೆ.ಎಸ್. ಹೆಗ್ಡೆ ವೈದ್ಯಕೀಯ ಅಕಾಡೆಮಿಯ ಡಾ. ಲೇಖಾ ಪಂಡಿತ್ ಮಯಲಿನ್ ಕಾಯಿಲೆಗಳ ರೋಗಿಗಳ ನೋಂದಣಿ ಕಟ್ಟಿದರು. ನಗರದಲ್ಲಿ ಲಕ್ಷಕ್ಕೆ ಸುಮಾರು 8 ಜನರಿಗೆ ಎಂ.ಎಸ್. ಇದೆಯೆಂದು ಅವರ ಅಧ್ಯಯನ ತೋರಿಸಿತು. ಎಂ.ಎಸ್.ನಂತೆಯೇ ಕಾಣುವ, ಆದರೆ ಎಂ.ಎಸ್.ನ ಇಂಟರ್‌ಫೆರಾನ್ ಔಷಧ ಕೊಟ್ಟರೆ ಉಲ್ಬಣಿಸುವ ನ್ಯೂರೋಮಯಲೈಟಿಸ್ ಆಪ್ಟಿಕಾ, ಅಂದರೆ ಎನ್.ಎಂ.ಓ., ಎಂಬ ಕಾಯಿಲೆಯನ್ನು ಬೇರ್ಪಡಿಸುವ ರಕ್ತಪರೀಕ್ಷೆಯನ್ನೂ ಅವರ ತಂಡ ತನ್ನ ಲ್ಯಾಬ್‌ನಲ್ಲೇ ರೂಪಿಸಿತು. ಅಕ್ವಾಪೊರಿನ್ ಪ್ರೋಟೀನ್ ಹೊತ್ತ ಕೋಶಗಳ ಮೇಲೆ ರೋಗಿಯ ಸೀರಮ್ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಕೋಶದ ಅಂಚು ಹೊಳೆದರೆ ಅದು ಎನ್.ಎಂ.ಓ., ಚಿಕಿತ್ಸೆಯ ದಾರಿಯೇ ಬದಲಾಗುತ್ತದೆ.

ಉತ್ತರ ಯುರೋಪಿನಲ್ಲಿ ಲಕ್ಷಕ್ಕೆ ನೂರಕ್ಕೂ ಹೆಚ್ಚು ಜನರಿಗೆ ಬರುವ ಕಾಯಿಲೆ ನಮ್ಮಲ್ಲಿ ಯಾಕೆ ಇಷ್ಟು ಕಡಿಮೆ? ಆ ಎಪ್‌ಸ್ಟೈನ್ ಬಾರ್ ವೈರಾಣು ನಮ್ಮ ಮಕ್ಕಳಿಗೆ ಎಳೆಯ ವಯಸ್ಸಿನಲ್ಲೇ ತಗುಲಿಬಿಡುತ್ತದೆ. ಎಳವೆಯ ಆ ಸೋಂಕು ರಕ್ಷಣೆ ಕೊಡುತ್ತಿದೆಯೇ? ಇದನ್ನು ನೋಡಲು ಮಗುವಿನ ರಕ್ತವನ್ನು ಇಂದು ತೆಗೆದಿಟ್ಟು, ಅದೇ ವ್ಯಕ್ತಿಯನ್ನು ಮೂವತ್ತನೇ ವಯಸ್ಸಿನಲ್ಲಿ ಮತ್ತೆ ಪರೀಕ್ಷಿಸುವವರು ಬೇಕು. ಆ ಕೆಲಸವನ್ನು ನಿಮ್ಮಲ್ಲಿ ಕೆಲವರಾದರೂ ಕೈಗೆತ್ತಿಕೊಳ್ಳಬೇಕೆಂಬುದು ನನ್ನ ಕೋರಿಕೆ.