ಕಲೆ ಬಿದ್ದ ಬಿಲ್ಲೆ, ಹೊಳೆಯುವ ಬಿಲ್ಲೆ

ನನ್ನ ಮೇಜಿನ ಡ್ರಾಯರಿನಲ್ಲಿ ಎರಡು ಪುಟ್ಟ ಬಿಲ್ಲೆಗಳಿವೆ. ಅಂಗಿಗೆ ಪಿನ್ನಿನಿಂದ ಚುಚ್ಚಿಕೊಳ್ಳುವಂಥವು. ನಾವು ಬ್ಯಾಡ್ಜ್ ಎನ್ನುತ್ತೇವೆ, ಅಮೆರಿಕದವರು ಬಟನ್ ಎನ್ನುತ್ತಾರೆ. ಎರಡರ ಮೇಲೂ ಇರುವವನು ಒಬ್ಬನೇ ಹುಡುಗ: ಬೋಳು ತಲೆ, ಮೊರದಂಥ ಕಿವಿ, ಪಾದದವರೆಗೆ ಇಳಿಬಿದ್ದ ಹಳದಿ ನಿಲುವಂಗಿ. ಒಂದರಲ್ಲಿ ಕಂದು ಕಲೆ ಹರಡಿ ಹುಡುಗನ ಅರ್ಧ ಮುಖ ಮುಚ್ಚಿಹೋಗಿದೆ. ಇನ್ನೊಂದು ಈಗತಾನೆ ಅಂಗಡಿಯಿಂದ ತಂದಂತೆ ಹೊಳೆಯುತ್ತದೆ. ಮನೆಗೆ ಬಂದವರ ಮುಂದೆ ಎರಡನ್ನೂ ಇಟ್ಟು, "ಯಾವುದು ಬೇಕು?" ಎಂದು ಕೇಳಿದರೆ ಎಲ್ಲರ ಕೈಯೂ ಹೊಳೆಯುವುದರ ಕಡೆಗೇ ಹೋಗುತ್ತದೆ. ನಿಮ್ಮ ಕೈಯೂ ಹೋದೀತು. ಆ ಆಯ್ಕೆ ಏಕೆ ತಪ್ಪು ಎಂಬುದೇ ಇಂದಿನ ನನ್ನ ಮಾತಿನ ವಿಷಯ.

ಮೊದಲು ಹುಡುಗನ ಪರಿಚಯ. ಇವನ ಹೆಸರು ಮಿಕಿ ಡ್ಯೂಗನ್. ಜನ ಕರೆದದ್ದು ‘ಯೆಲ್ಲೋ ಕಿಡ್’ ಎಂದು, ಅಂದರೆ ಹಳದಿ ಪೋರ. ರಿಚರ್ಡ್ ಔಟ್‌ಕಾಲ್ಟ್ ಎಂಬ ಕಲಾವಿದರು 1895ರಲ್ಲಿ ನ್ಯೂಯಾರ್ಕಿನ ‘ವರ್ಲ್ಡ್’ ಪತ್ರಿಕೆಯಲ್ಲಿ ಬಡವರ ಕೇರಿಯ ಮಕ್ಕಳ ತುಂಟಾಟಗಳನ್ನು ಚಿತ್ರಿಸತೊಡಗಿದರು. ಆ ಮಕ್ಕಳ ಗುಂಪಿನಲ್ಲಿ ಈ ಬೋಳುತಲೆಯವನು ಓದುಗರಿಗೆ ಅಚ್ಚುಮೆಚ್ಚಾದ. ಅವನು ಹೇಳಬೇಕಾದ ಮಾತು ಅವನ ಅಂಗಿಯ ಮೇಲೇ ಬರೆದಿರುತ್ತಿತ್ತು. ಮರುವರ್ಷ ಹರ್ಸ್ಟ್ ಅವರು ಔಟ್‌ಕಾಲ್ಟರನ್ನು ತಮ್ಮ ‘ಜರ್ನಲ್’ ಪತ್ರಿಕೆಗೆ ಸೆಳೆದುಕೊಂಡರು. ‘ವರ್ಲ್ಡ್’ನ ಪುಲಿಟ್ಜರ್ ಸುಮ್ಮನಿರಲಿಲ್ಲ; ಬೇರೊಬ್ಬ ಕಲಾವಿದರಿಂದ ಅದೇ ಹುಡುಗನ ಚಿತ್ರ ಬರೆಸಿದರು. ಪತ್ರಿಕೆ ಎರಡು, ಹುಡುಗ ಒಬ್ಬನೇ! ‘ಪೀತ ಪತ್ರಿಕೋದ್ಯಮ’ ಎಂದು ನಾವು ಇಂದಿಗೂ ಆಡುವ ಮಾತಿನ ಹಿಂದೆ ಈ ಪೈಪೋಟಿಯೂ ಈ ಅಂಗಿಯ ಬಣ್ಣವೂ ಇವೆ.

ಅದೇ 1896ರಲ್ಲಿ ಬಿಲ್ಲೆಯ ಚರಿತ್ರೆಯಲ್ಲೂ ಒಂದು ಹೊಸ ಅಧ್ಯಾಯ ತೆರೆಯಿತು. ನ್ಯೂಜೆರ್ಸಿ ರಾಜ್ಯದ ನೆವಾರ್ಕ್ ನಗರದ ವೈಟ್‌ಹೆಡ್ ಅಂಡ್ ಹೋಗ್ ಕಂಪನಿಗೆ ಆ ವರ್ಷದ ಜುಲೈ 21ರಂದು ಪಿನ್ ಬಿಲ್ಲೆಯ ಪೇಟೆಂಟ್ ದೊರೆಯಿತು. ರಚನೆ ಬಹಳ ಸರಳ. ತಗಡಿನ ಒಂದು ಬಟ್ಟಲು. ಅದರ ಮೇಲೆ ಅಚ್ಚುಮಾಡಿದ ಕಾಗದ. ಕಾಗದದ ಮೇಲೆ ಸೆಲ್ಯುಲಾಯ್ಡಿನ ತೆಳು ಹಾಳೆ. ಮೂರನ್ನೂ ಅಂಚಿನಲ್ಲಿ ಮಡಚಿ ಹಿಂದಿನಿಂದ ಲೋಹದ ಬಳೆಯೊಂದನ್ನು ಒತ್ತಿ ಕೂರಿಸಿದರೆ, ಬಳೆಯೊಳಗೆ ತಂತಿಯ ಪಿನ್ನು ಸ್ಪ್ರಿಂಗಿನಂತೆ ಬಿಗಿಯಾಗಿ ನಿಲ್ಲುತ್ತದೆ. ಅಂಟಿಲ್ಲ, ಬೆಸುಗೆಯಿಲ್ಲ. ಆ ವರ್ಷ ಮೆಕಿನ್ಲಿ ಮತ್ತು ಬ್ರಯನ್ ನಡುವೆ ಅಧ್ಯಕ್ಷ ಚುನಾವಣೆ ನಡೆದಿತ್ತು; ಎರಡೂ ಕಡೆಯವರ ಎದೆಯ ಮೇಲೆ ಬಿಲ್ಲೆಗಳು ಮೆರೆದವು. ಅವುಗಳ ಬೆನ್ನಹಿಂದೆಯೇ ಹಳದಿ ಪೋರನೂ ಬಿಲ್ಲೆಯಾದ. ಅವನನ್ನು ಬಿಲ್ಲೆ ಮಾಡಿ ಹಂಚಿದವರು ಮಿಠಾಯಿಯವರಲ್ಲ, ‘ಹೈ ಅಡ್ಮಿರಲ್’ ಎಂಬ ಸಿಗರೇಟಿನವರು! ಕ್ರಮಸಂಖ್ಯೆ ಹಾಕಿದ ಆ ಸರಣಿ 160ರವರೆಗೆ ಹೋಯಿತು. ಮಕ್ಕಳು ಮೆಚ್ಚುವ ಮುಖವನ್ನು ತಂಬಾಕಿನ ಮಾರಾಟಕ್ಕೆ ದುಡಿಸಿಕೊಳ್ಳುವ ಬುದ್ಧಿ ಎಷ್ಟು ಹಳೆಯದು ನೋಡಿ.

ಇನ್ನೊಂದು ಸರಣಿಯನ್ನು ಹೇಳದಿದ್ದರೆ ಮಾತು ಪೂರ್ತಿಯಾಗದು. 1945ರಿಂದ 1947ರವರೆಗೆ ಕೆಲಾಗ್ಸ್ ಕಂಪನಿ ‘ಪೆಪ್’ ಎಂಬ ತನ್ನ ಬೆಳಗಿನ ತಿಂಡಿಯ ಪೊಟ್ಟಣದೊಳಗೆ ಕಾಮಿಕ್ಸ್ ಪಾತ್ರಗಳ ಬಿಲ್ಲೆ ಇಟ್ಟು ಮಾರಿತು. ಇವುಗಳಲ್ಲಿ ಕಾಗದವಿಲ್ಲ, ಸೆಲ್ಯುಲಾಯ್ಡ್ ಇಲ್ಲ. ಚಿತ್ರವನ್ನು ತಗಡಿನ ಮೇಲೇ ಅಚ್ಚುಮಾಡಿ ಒತ್ತಿದ್ದು. ಸರಣಿಗೆ 18ರಂತೆ ಐದು ಸರಣಿ. ಲೆಕ್ಕಕ್ಕೆ 90 ಆಗಬೇಕು; ಆದರೆ ಬೇರೆಬೇರೆ ಚಿತ್ರಗಳು 86 ಮಾತ್ರ. ಏಕೆಂದರೆ ಐದೂ ಸರಣಿಗಳಲ್ಲಿ ಸೂಪರ್‌ಮ್ಯಾನ್ ಮರಳಿ ಬರುತ್ತಾನೆ. ಸೂಪರ್‌ಮ್ಯಾನನ ರೇಡಿಯೋ ನಾಟಕದ ಪ್ರಾಯೋಜಕರೂ ಇದೇ ಪೆಪ್‌ನವರು ಎಂದರೆ ಗುಟ್ಟು ತಿಳಿಯಿತಲ್ಲ! ಆ ಗುಂಪಿನಲ್ಲಿ ನಮಗೆ ಬೇಕಾದವನೂ ಒಬ್ಬನಿದ್ದಾನೆ: ಫ್ಯಾಂಟಮ್. 1964ರಿಂದ 1990ರವರೆಗೆ ನಡೆದ ಇಂದ್ರಜಾಲ ಕಾಮಿಕ್ಸ್ ಮೂಲಕ ಕನ್ನಡ ಮಾತಾಡಿದ ಅದೇ ನಡೆದಾಡುವ ಭೂತ. ಅಣ್ಣನ ಹಳೆಯ ಟ್ರಂಕಿನಲ್ಲಿ ಅವನನ್ನು ಓದಿ ಬೆಳೆದವನು ನಾನು. ಈ ಬಿಲ್ಲೆಗಳ ಹುಚ್ಚು ಹತ್ತಿದ್ದೂ ಅಲ್ಲಿಂದಲೇ.

ಪುಕ್ಕಟೆ ಕೊಟ್ಟ ವಸ್ತು ಅಪರೂಪವಾಗುವುದು ಹೇಗೆ ಎಂದು ನೀವು ಕೇಳಬಹುದು. ಪುಕ್ಕಟೆ ಕೊಟ್ಟದ್ದರಿಂದಲೇ. ದುಡ್ಡು ಕೊಟ್ಟು ಕೊಂಡದ್ದನ್ನು ಜನ ಕಪಾಟಿನಲ್ಲಿಡುತ್ತಾರೆ. ಹೀಗೆ ಬಂದದ್ದನ್ನು ಹುಡುಗರು ಅಂಗಿಗೆ ಚುಚ್ಚಿಕೊಂಡು ಓಡಿದರು, ಮಳೆಯಲ್ಲಿ ನೆನೆದರು, ಬೇಲಿ ಹಾರುವಾಗ ಬೀಳಿಸಿದರು. ಉಳಿದದ್ದು ಯಾರೋ ಒಬ್ಬ ತಾಯಿ ಗುಂಡಿಗಳ ಡಬ್ಬಿಯಲ್ಲಿ ಹಾಕಿ ಮರೆತದ್ದು ಮಾತ್ರ.

ಈಗ ನನ್ನ ತಪ್ಪಿಗೆ ಬರುತ್ತೇನೆ. ನೆವಾರ್ಕಿನ ಬಳಿ ಬಹುಕಾಲ ಕೆಲಸದಲ್ಲಿದ್ದ ನನ್ನ ಸೋದರಮಾವ ಒಮ್ಮೆ ಊರಿಗೆ ಬಂದಾಗ ಅಲ್ಲಿನ ಹಳೆಸಾಮಾನಿನ ಸಂತೆಯಲ್ಲಿ ಕೊಂಡ ಹಳದಿ ಪೋರನ ಬಿಲ್ಲೆಯೊಂದನ್ನು ನನ್ನ ಕೈಗಿತ್ತರು. "ನೀನು ಸೈನ್ಸ್ ಓದಿದೋನು, ಜೋಪಾನವಾಗಿ ಇಟ್ಕೋತೀಯ ಅಂತ ತಂದೆ ಕಣೋ" ಎಂದರು. ಅದರ ಮೇಲೆ ತೆಳುವಾದ ಕೊಳೆಯಿತ್ತು. ನಾನು ಮಾಡಿದ್ದೇನು? ಸೋಪಿನ ನೀರಿನಲ್ಲಿ ಹತ್ತು ನಿಮಿಷ ನೆನೆಹಾಕಿದೆ! ಮೇಲೆ ಸೆಲ್ಯುಲಾಯ್ಡ್ ಇದೆ, ನೀರು ಏನು ಮಾಡೀತು ಎಂಬ ಧೈರ್ಯ. ನೀರು ಅಂಚಿನ ಸಂದಿಯಿಂದ ನುಗ್ಗಿತು. ಕಾಗದ ಅದನ್ನು ಬತ್ತಿಯಂತೆ ಹೀರಿತು. ಒಳಗಿನ ತಗಡು ತುಕ್ಕು ಹಿಡಿಯಿತು. ಮೂರನೆಯ ದಿನ ಹುಡುಗನ ಕೆನ್ನೆಯ ಮೇಲೆ ಕಂದು ಕಲೆ ಎದ್ದಿತು. ಕಬ್ಬಿಣ, ನೀರು, ಆಮ್ಲಜನಕ: ಪ್ರೌಢಶಾಲೆಯ ಪಾಠ. ಮಾವನಿಗೆ ಹೇಳಿದಾಗ ಅವರು ನಕ್ಕರು. ಆಮೇಲೆ, "ಅಲ್ವೋ, ಯಾರ್‍ಯಾರೋ ನೂರು ವರ್ಷ ಕಾಪಾಡಿದ್ದನ್ನ ನೀನು ಹತ್ತು ನಿಮಿಷದಲ್ಲಿ ಮುಗಿಸಿದೆಯಲ್ಲೋ" ಎಂದರು. ಆ ನಗುವಿಗಿಂತ ಬೈಗುಳವೇ ಹಿತವಾಗಿರುತ್ತಿತ್ತು.

ಆದ್ದರಿಂದ ನಿಮಗೊಂದು ಕಿವಿಮಾತು. ಸೆಲ್ಯುಲಾಯ್ಡ್ ಎಂದರೆ ನೈಟ್ರಿಕ್ ಆಮ್ಲದಿಂದ ಸಂಸ್ಕರಿಸಿದ ಹತ್ತಿ ಮತ್ತು ಕರ್ಪೂರ. ಹಳೆಯ ಸಿನಿಮಾ ರೀಲುಗಳ ಪದಾರ್ಥವೂ ಅದೇ. ಅದಕ್ಕೆ ಬೆಂಕಿಯೆಂದರೆ ಬಲು ಸಲಿಗೆ ಎಂಬುದು ನಮ್ಮ ವೃತ್ತಿಯವರಿಗೆ ಚೆನ್ನಾಗಿ ಗೊತ್ತು. ಅಸಲು ಹೌದೇ ಎಂದು ತಿಳಿಯಲು ಕಾದ ಸೂಜಿಯಿಂದ ಚುಚ್ಚಿ ನೋಡಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಬಿಸಿಲು, ಸೆಕೆ, ತೇವ, ಈ ಮೂರೂ ಅದಕ್ಕೆ ಶತ್ರುಗಳು. ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದಿಟ್ಟರೆ ಅದು ಬಿಡುವ ಆಮ್ಲದ ಹಬೆ ಅದನ್ನೇ ತಿನ್ನುತ್ತದೆ. ಒಣ ಬಟ್ಟೆಯಿಂದ ಹಗುರಾಗಿ ಒರೆಸಿ, ರಟ್ಟಿನ ಪೆಟ್ಟಿಗೆಯಲ್ಲಿ ತಂಪಾದ ಕಡೆ ಇಡಿ. ಅಷ್ಟು ಸಾಕು.

ಇನ್ನು ಹೊಳೆಯುವ ಬಿಲ್ಲೆ. ಕೆಡಿಸಿದ್ದಕ್ಕೆ ಬದಲಿ ಬೇಕೆಂಬ ಹಟದಿಂದ ಅಂತರಜಾಲದ ಹರಾಜಿನಲ್ಲಿ ಒಂದನ್ನು ಕೊಂಡೆ. ಒಂದು ತಿಂಗಳ ಸಂಬಳದ ದೊಡ್ಡ ಪಾಲು ಅದಕ್ಕೆ ಹೋಯಿತು. ಬಂದ ದಿನ ಹಿಗ್ಗು. ಮರುದಿನ ಭೂತಗನ್ನಡಿ ಹಿಡಿದು ನೋಡಿದೆ. ಕೆಟ್ಟುಹೋದ ಅಸಲಿನಲ್ಲಿ ಅಕ್ಷರಗಳ ಕಪ್ಪು ಗೆರೆ ಅಖಂಡವಾಗಿತ್ತು. ಇದರಲ್ಲಿ ಅಕ್ಷರ, ಗೆರೆ, ಬಣ್ಣ ಎಲ್ಲವೂ ಸಾಲುಸಾಲು ಚುಕ್ಕೆಗಳಾಗಿ ಒಡೆದಿದ್ದವು. ಅಂದರೆ ಅಸಲು ಬಿಲ್ಲೆಯ ಫೋಟೋ ತೆಗೆದು ಮತ್ತೆ ಅಚ್ಚುಮಾಡಿದ್ದು. ಮಾರಿದವನಿಗೆ ಬರೆದೆ, ಉತ್ತರ ಬರಲಿಲ್ಲ.

ಕೆಲವು ತಿಂಗಳ ಮೇಲೆ ಹಾಸನದಿಂದ ಒಬ್ಬ ತರುಣ ನನ್ನ ಸಂಗ್ರಹ ನೋಡಲು ಬಂದ. ಹೊಸದಾಗಿ ಬಿಲ್ಲೆ ಕೂಡಿಹಾಕಲು ತೊಡಗಿದವನು. ಹೊಳೆಯುವುದನ್ನು ಕೈಯಲ್ಲಿ ಹಿಡಿದು, "ಸರ್, ನೀವು ಕೊಟ್ಟ ಬೆಲೆಗೇ ನನಗೆ ಕೊಡಿ" ಎಂದ. ಓದುಗರೇ, ನಿಮ್ಮಲ್ಲಿ ಮುಚ್ಚುಮರೆಯಿಲ್ಲದೆ ಹೇಳುತ್ತೇನೆ, ನಾನು ಒಂದು ಕ್ಷಣ ಸುಮ್ಮನಿದ್ದೆ. ಹೋದ ದುಡ್ಡು ಬಾಗಿಲಲ್ಲಿ ನಿಂತಿತ್ತು. ನಾನು ಸುಳ್ಳು ಹೇಳಬೇಕಾಗಿಯೂ ಇರಲಿಲ್ಲ, ತೆಪ್ಪಗಿದ್ದರೆ ಸಾಕಿತ್ತು. ಕೊನೆಗೆ ಭೂತಗನ್ನಡಿಯನ್ನು ಅವನ ಕೈಗೆ ಕೊಟ್ಟು, "ಅಕ್ಷರದ ಅಂಚು ನೋಡಪ್ಪ" ಎಂದೆ. ಅವನು ಬಹಳ ಹೊತ್ತು ನೋಡಿದ. ಮುಖ ಸಪ್ಪಗಾಯಿತು. ಹೋಗುವಾಗ, "ಸರ್, ಇದನ್ನ ಎಸೀಬೇಡಿ, ಬರೋರಿಗೆಲ್ಲ ಹೀಗೇ ತೋರಿಸಿ" ಎಂದ.

ಅಮೆರಿಕದಲ್ಲಿ 1973ರಲ್ಲಿ ಒಂದು ಕಾಯಿದೆ ಬಂತು. ಚುನಾವಣೆಯ ಹಳೆಯ ಬಿಲ್ಲೆಗಳ ನಕಲು ತಯಾರಿಸುವವರು ತಯಾರಾದ ವರ್ಷವನ್ನು ಅಳಿಸಲಾಗದಂತೆ ಅದರ ಮೇಲೆ ಗುರುತಿಸಬೇಕು. ನಾಣ್ಯಗಳ ನಕಲಿನ ಮೇಲೆ ‘ಕಾಪಿ’ ಎಂದಿರಬೇಕು. ಹಳದಿ ಪೋರನಿಗಾಗಲಿ ಫ್ಯಾಂಟಮ್‌ಗಾಗಲಿ ಆ ಕಾಯಿದೆಯ ರಕ್ಷಣೆಯಿಲ್ಲ. ಅಧ್ಯಕ್ಷರ ಮುಖಕ್ಕಿರುವ ಮರ್ಯಾದೆ ಮಕ್ಕಳ ಗೆಳೆಯನ ಮುಖಕ್ಕಿಲ್ಲ! ಅಂಥ ಕಡೆ ಕಾಯಿದೆಯ ಕೆಲಸವನ್ನು ಯಾರು ಮಾಡಬೇಕು? ಆ ಹೊತ್ತಿಗೆ ವಸ್ತು ಯಾರ ಕೈಯಲ್ಲಿದೆಯೋ ಅವರೇ. ಅಂದು ಸಂಜೆ ಬಿಲ್ಲೆಯ ಹಿಂಬದಿಯಲ್ಲಿ ಅಳಿಸದ ಶಾಯಿಯಿಂದ ‘ನಕಲು’ ಎಂದು ಬರೆದೆ. ನನ್ನ ನಂತರ ಅದು ಯಾರ ಕೈಗೆ ಹೋದರೂ ಅವರು ಮೋಸಹೋಗಬಾರದು.

ಕಲೆ ಬಿದ್ದದ್ದರ ಜೊತೆಗೂ ಒಂದು ಚೀಟಿ ಇದೆ. ಎಲ್ಲಿ ಕೊಂಡದ್ದು, ಯಾರು ಕೊಟ್ಟದ್ದು ಎಂದು ಬರೆದು, ಕೊನೆಯಲ್ಲಿ ‘ಕಲೆ ನನ್ನಿಂದಾದದ್ದು’ ಎಂದು ಸೇರಿಸಿದ್ದೇನೆ. ನಿಮ್ಮ ಮನೆಯ ಟ್ರಂಕಿನಲ್ಲೂ ತಾತನ ಬಿಲ್ಲೆಯೋ, ಅತ್ತೆಯ ಶಾಲೆಯ ಪದಕವೋ ಇದ್ದೀತು. ಅದನ್ನು ತೊಳೆಯುವ ಮೊದಲು, ಉಜ್ಜುವ ಮೊದಲು, ಒಂದು ಚೀಟಿಯಲ್ಲಿ ತಿಳಿದಷ್ಟನ್ನು ಬರೆದು ಜೊತೆಗಿಡಿ. ಹಿರಿಯರು ಇರುವಾಗಲೇ ಅವರನ್ನು ಕೇಳಿ ಬರೆಯಿರಿ.