ಮೊಡವೆಯೂ ಊಟದ ತಾಟೂ

ನಮ್ಮ ಸೊಲ್ಲಾಪುರ, ಅಕ್ಕಲಕೋಟೆ ಕಡೆ ಮಗಳ ಮುಖದ ಮೇಲೆ ನಾಲ್ಕು ಮೊಡವೆ ಎದ್ದರೆ ಸಾಕು, ತಾಟಿನಿಂದ ಮೊದಲು ಹೊರಬೀಳುವುದು ಶೇಂಗಾ ಹಿಂಡಿ. ಆಮೇಲೆ ಎಣ್ಣೆ. "ಉಷ್ಣ ಆಗ್ಯಾದ, ತಿನ್ನಬ್ಯಾಡವ್ವ" ಎಂದು ಹಿರಿಯರ ಅಪ್ಪಣೆ. ವರನ ಕಡೆಯವರು ನೋಡಲು ಬರುವ ದಿನ ಹತ್ತಿರವಾದರಂತೂ ಹುಡುಗಿ ಅರೆಹೊಟ್ಟೆಯಲ್ಲೇ ಏಳಬೇಕು. ಇದು ಸರಿಯೇ? ನಾನು ವೈದ್ಯನಲ್ಲ, ಬ್ಯಾಂಕಿನಲ್ಲಿ ಲೆಕ್ಕ ಬರೆದು ನಿವೃತ್ತನಾದವನು. ಓದಿ ತಿಳಿದದ್ದನ್ನು ನಿಮ್ಮ ಮುಂದಿಡುತ್ತೇನೆ.

ಹರೆಯದಲ್ಲಿ ಹಾರ್ಮೋನುಗಳಿಂದಾಗಿ ಚರ್ಮದ ಗ್ರಂಥಿಗಳು ಹೆಚ್ಚು ಜಿಡ್ಡು ಸುರಿಸುತ್ತವೆ. ಜಿಡ್ಡೂ ಸತ್ತ ಜೀವಕೋಶಗಳೂ ಸೇರಿ ರೋಮರಂಧ್ರ ಮುಚ್ಚಿ, ಒಳಗೆ ಬಾವು ಬರುತ್ತದೆ. ಅದೇ ಮೊಡವೆ. ತಂದೆತಾಯಿಗೆ ಬಹಳ ಆಗಿದ್ದರೆ ಮಕ್ಕಳಿಗೂ ಆಗುವ ಸಂಭವ ಹೆಚ್ಚು. ತಿಂದ ಎಣ್ಣೆ ನೇರವಾಗಿ ಮುಖಕ್ಕೆ ಏರಿ ಬರುವುದಿಲ್ಲ.

ಹಾಗಾದರೆ ಊಟಕ್ಕೂ ಮೊಡವೆಗೂ ಸಂಬಂಧವೇ ಇಲ್ಲವೇ? 1969ರಲ್ಲಿ ಅಮೆರಿಕದಲ್ಲಿ 65 ಜನರಿಗೆ ಚಾಕೊಲೇಟ್ ತಿನ್ನಿಸಿ ನೋಡಿ, ಇಲ್ಲ ಎಂದರು. ಆದರೆ ಹೋಲಿಕೆಗೆ ಕೊಟ್ಟ ಇನ್ನೊಂದು ಮಿಠಾಯಿಯಲ್ಲೂ ಸಕ್ಕರೆ, ಕೊಬ್ಬು ಧಾರಾಳವಾಗಿದ್ದವು! ಲೆಕ್ಕ ತಾಳೆಯಾಗುವುದು ಹೇಗೆ? 2007ರಲ್ಲಿ ಆಸ್ಟ್ರೇಲಿಯದವರು 15ರಿಂದ 25 ವರ್ಷದ 43 ತರುಣರನ್ನು 12 ವಾರ ಪರೀಕ್ಷಿಸಿದರು. ರಕ್ತದಲ್ಲಿ ಸಕ್ಕರೆಯನ್ನು ತಟ್ಟನೆ ಏರಿಸದ ಊಟ ಮಾಡಿದವರಲ್ಲಿ ಮೊಡವೆ ಹೆಚ್ಚು ಇಳಿದವು. ಅವರ ತೂಕವೂ ಇಳಿದಿತ್ತೆಂಬುದನ್ನು ಮರೆಯಬಾರದು. ಸಕ್ಕರೆ ಏರಿದಾಗ ಇನ್ಸುಲಿನ್ ಏರುತ್ತದೆ; ಅದು ಜಿಡ್ಡಿನ ಗ್ರಂಥಿಗಳನ್ನು ಕೆರಳಿಸುತ್ತದೆ. ಹಾಲು ಹೆಚ್ಚು ಕುಡಿಯುವವರಲ್ಲಿ, ಅದರಲ್ಲೂ ಕೆನೆ ತೆಗೆದ ಹಾಲು ಕುಡಿಯುವವರಲ್ಲಿ, ಮೊಡವೆ ತುಸು ಹೆಚ್ಚೆಂದೂ ಕೆಲವು ಅಧ್ಯಯನಗಳು ಹೇಳುತ್ತವೆ. ಹಾಗೆಂದು ಬೆಳೆಯುವ ಮಕ್ಕಳಿಗೆ ಹಾಲು ಪೂರ್ತಿ ನಿಲ್ಲಿಸಬೇಡಿ. ತಾಲೀಮಿಗೆ ಹೋಗುವ ಹುಡುಗರು ಹಾಲಿನಿಂದ ತಯಾರಾದ ಪ್ರೋಟೀನ್ ಪುಡಿ ತಿನ್ನುತ್ತಿದ್ದರೆ ಮಾತ್ರ ಅದರ ಮೇಲೆ ಕಣ್ಣಿಡಿ.

ಅಂದಮೇಲೆ ನಾವು ಹಿಡಿಯುತ್ತಿರುವ ಕಳ್ಳನೇ ಬೇರೆ. ಕಡಿಮೆ ಮಾಡಬೇಕಾದದ್ದು ದಿನಕ್ಕೆ ನಾಲ್ಕು ಸಲದ ಸಕ್ಕರೆ ಚಹಾ, ಅದರಲ್ಲಿ ಅದ್ದುವ ಬಿಸ್ಕೀಟು, ಬಾಟಲಿಯ ತಂಪು ಪಾನೀಯ. ಜೋಳದ ರೊಟ್ಟಿ, ಬೇಳೆ, ಪುಂಡಿ ಪಲ್ಯ ತಾಟಿನಲ್ಲೇ ಇರಲಿ. ಒಂದು ವಹಿಯಲ್ಲಿ ಎರಡು ಮೂರು ತಿಂಗಳು ತಿಂದದ್ದನ್ನೂ ಮೊಡವೆ ಎದ್ದದ್ದನ್ನೂ ತಾರೀಖು ಹಾಕಿ ಬರೆದಿಡಿ. ಒಬ್ಬರಿಗೆ ಆಗದ್ದು ಇನ್ನೊಬ್ಬರಿಗೆ ಆದೀತು.

ಊಟ ಬದಲಿಸಿದರಷ್ಟೇ ಎಲ್ಲ ಮೊಡವೆ ಹೋಗುವುದಿಲ್ಲ. ದೊಡ್ಡ ಗಂಟು, ಕಲೆ ಬೀಳುತ್ತಿದ್ದರೆ, ಹುಡುಗಿಗೆ ಮುಟ್ಟು ತಪ್ಪುತ್ತಿದ್ದರೆ, ತಡಮಾಡದೆ ವೈದ್ಯರಿಗೆ ತೋರಿಸಿ. ಅಂಗಡಿಯಲ್ಲಿ ಕೇಳಿ ತಂದ ಸ್ಟೀರಾಯ್ಡ್ ಮುಲಾಮು ಮುಖಕ್ಕೆ ಬೇಡವೇ ಬೇಡ. ಅದು ಮೊದಲು ಬೆಳ್ಳಗೆ ಕಾಣಿಸಿ, ಆಮೇಲೆ ಚರ್ಮವನ್ನೇ ತೆಳ್ಳಗೆ ಮಾಡಿ, ಮೊಡವೆ ಹೆಚ್ಚಿಸುತ್ತದೆ.

ಮೊಡವೆ ವಯಸ್ಸಿನದು, ಹುಡುಗಿಯ ತಪ್ಪಲ್ಲ. ಇವತ್ತು ರಾತ್ರಿ ಅವಳ ತಾಟಿಗೆ ಇನ್ನೊಂದು ರೊಟ್ಟಿ ಹಾಕಿರಿ, ಹಿಂಡಿಯನ್ನೂ ಬಡಿಸಿರಿ.